ಅಜ್ಜಿಯ ಎಡೆಯಲ್ಲಿ ಇಲ್ಲದ ಕ್ವಾರ್ಟರ್

ಮಾರ್ಲಮಿ ಹಬ್ಬಕ್ಕೆ ನಮ್ಮ ಮನೆಯಲ್ಲಿ ಎರಡು ಎಡೆ ಇಡುತ್ತಾರೆ. ಒಂದು ಅಜ್ಜನಿಗೆ, ಇನ್ನೊಂದು ಅಜ್ಜಿಗೆ. ಬಾಳೆ ಎಲೆ ಮೇಲೆ ಕಡುಬು, ಕೋಳಿ ಸಾರು, ವಡೆ, ಪಾಯಸ. ಅಜ್ಜನ ಎಲೆ ಪಕ್ಕ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬ್ರಾಂದಿ. ಅಜ್ಜಿಯ ಎಲೆ ಪಕ್ಕ ಎಲೆ-ಅಡಿಕೆ, ಹೊಗೆಸೊಪ್ಪು, ಒಂದು ರವಿಕೆ ಕಣ. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕೂರುತ್ತೇವೆ, ಹಿರಿಯರು ಬಂದು ಉಂಡು ಹೋಗಲಿ ಅಂತ. ಹಿರಿಯರು ಬಂದು ಹೋದರೂ ಬಾಟ್ಲಿಯಲ್ಲಿ ಹನಿ ಕಮ್ಮಿ ಆಗಿರುವುದಿಲ್ಲ. ಕಮ್ಮಿ ಆಗುವುದು ಚಿಕ್ಕಪ್ಪಂದಿರು ಒಳಗೆ ಹೋದ ಮೇಲೆ.

ವಿಷಯ ಏನೆಂದರೆ, ಅಜ್ಜಿಯೂ ಕುಡಿಯುತ್ತಿದ್ದಳು. ನಮ್ಮದು ಸಕಲೇಶಪುರಕ್ಕೂ ಮೂಡಿಗೆರೆಗೂ ನಡುವಿನ ಊರು. ಬೈನೆ ಮರದಿಂದ ಇಳಿಸಿದ ಕಳ್ಳು ಬೆಳಗ್ಗೆ ಮನೆಗೆ ಬಂದರೆ ಒಂದು ಲೋಟ ಕುಡಿದೇ ಅವಳು ಕೊಟ್ಟಿಗೆಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ನಾಟಿ ಮುಗಿಸಿ ಬಂದ ಸಂಜೆ ಒಲೆ ಮುಂದೆ ಕೂತು, ಬ್ರಾಂದಿಗೆ ಕಾಳುಮೆಣಸಿನ ಪುಡಿ ಹಾಕಿ, ಬಿಸಿನೀರು ಬೆರೆಸಿ, ಊದಿ ಊದಿ ಕುಡಿಯುತ್ತಿದ್ದಳು. ಅವಳ ಎಡೆಗೂ ಒಂದು ಕ್ವಾರ್ಟರ್ ಇಡಬಾರದಾ ಅಂತ ಒಂದು ವರ್ಷ ಕೇಳಿದೆ. ಅಪ್ಪನ ಮುಖ ಗಂಟಾಯಿತು. "ಹೆಂಗಸರಿಗೆ ಯಾರಾದ್ರೂ ಇಡ್ತಾರಾ? ಅವಳೇನು ಕುಡೀತಿದ್ಲಾ? ಶೀತಕ್ಕೆ ತಗೊಳ್ತಿದ್ಲು" ಅಂದರು.

ಗಂಡಸರು ಕುಡಿಯುತ್ತಾರೆ, ಹೆಂಗಸರು 'ತಗೊಳ್ಳುತ್ತಾರೆ'. ಕುಡಿತದಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸದ ಬಗ್ಗೆ ಯಾವ ಅಂಕಿ-ಅಂಶ ನೋಡುವಾಗಲೂ ಈ ಎರಡು ಕ್ರಿಯಾಪದಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಅಂಕಿಗಳನ್ನೇ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ 100 ಗಂಡಸರಲ್ಲಿ ಸುಮಾರು 19 ಜನ ಕುಡಿಯುತ್ತಾರೆ. 100 ಹೆಂಗಸರಲ್ಲಿ ಒಬ್ಬರು. ಕರ್ನಾಟಕದಲ್ಲಿ ಗಂಡಸರು 16-17, ಹೆಂಗಸರು ಒಂದಕ್ಕೂ ಕಡಿಮೆ. ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಹೊರಬಂದ ಇನ್ನೊಂದು ಸಮೀಕ್ಷೆ ಇದೆ. ಅದರಲ್ಲಿ 10ರಿಂದ 75 ವಯಸ್ಸಿನ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಅಂದರೆ ಕುಡಿಯುವ ಒಬ್ಬ ಹೆಂಗಸಿಗೆ ಕುಡಿಯುವ 17 ಗಂಡಸರು.

ಎರಡೂ ಹೆಚ್ಚುಕಮ್ಮಿ ಒಂದೇ ಕಾಲದ ಸಮೀಕ್ಷೆಗಳು. ಆದರೂ ಗಂಡಸರ ಲೆಕ್ಕದಲ್ಲೇ ಎಂಟು ಅಂಶದ ಅಂತರ. ಯಾರು ಕೇಳಿದರು, ಯಾರ ಮುಂದೆ ಕೇಳಿದರು, ಹೇಗೆ ಕೇಳಿದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಗಂಡಸರ ಕಥೆಯೇ ಹೀಗಾದರೆ ಹೆಂಗಸರದು ಇನ್ನೆಷ್ಟು ಜಾರಬಹುದು, ಅಲ್ವಾ?

ಇದನ್ನು ನಮ್ಮ ಮನೆ ಜಗಲಿಯಲ್ಲೇ ನೋಡಿದ್ದೇನೆ. 30 ದಾಟಿದವರಿಗೆ ಸಕ್ಕರೆ ಕಾಯಿಲೆ, ಬಿಪಿ ಇದೆಯಾ ಅಂತ ಮೊದಲೇ ಹಿಡಿಯಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಒಂದು ಫಾರಂ ತುಂಬುತ್ತಾರೆ. ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ ಎಲ್ಲ ಅದರಲ್ಲಿದೆ. ಚಿಕ್ಕಪ್ಪನನ್ನು ಕೇಳಿದರು, "ದಿನಾ ಡ್ರಿಂಕ್ಸ್ ಮಾಡ್ತೀರಾ ಅಣ್ಣ?" ಚಿಕ್ಕಪ್ಪ ನಕ್ಕರು. "ಬರ್ಕೊಳ್ಳಮ್ಮ, ಊರಿಗೇ ಗೊತ್ತಲ್ಲ." ಆಮೇಲೆ ಚಿಕ್ಕಮ್ಮನ ಸರದಿ. ಹೊಗೆಸೊಪ್ಪಿನ ಪ್ರಶ್ನೆ ಆಯಿತು. ಮದ್ಯದ ಕಾಲಂ ಬಂದಾಗ ಆಶಾ ಕಾರ್ಯಕರ್ತೆ ತಲೆ ಎತ್ತಲೇ ಇಲ್ಲ, ಸುಮ್ನೆ 'ಇಲ್ಲ'ಕ್ಕೆ ಟಿಕ್ ಹಾಕಿ ಮುಂದೆ ಹೋದರು. ತಪ್ಪು ಅಂತ ಹೇಳುತ್ತಿಲ್ಲ. ಅತ್ತೆ, ಮೈದುನ, ಪಕ್ಕದ ಮನೆಯವರು ಎಲ್ಲ ಕೂತಿರುವಾಗ ಆ ಪ್ರಶ್ನೆ ಕೇಳಿದರೆ ಕೇಳಿದವರಿಗೇ ಮುಜುಗರ. ಹೀಗೆ ಟಿಕ್ ಬಿದ್ದ 'ಇಲ್ಲ'ಗಳಲ್ಲಿ ಹೆಚ್ಚಿನವು ನಿಜವೇ ಇರುತ್ತವೆ. ಕೆಲವು ಮಾತ್ರ ಕೇಳದೆ ಬಿದ್ದವು.

ಅಂಕಿಗಳಲ್ಲಿ ನನಗೆ ಹೆಚ್ಚು ಸ್ವಾರಸ್ಯ ಅನಿಸಿದ್ದು ಬೇರೆ. ಹೆಂಗಸರ ಕುಡಿತ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಪಬ್ಬು, ವೀಕೆಂಡಿಗೆ ಮುಳ್ಳಯ್ಯನಗಿರಿಗೆ ಬಂದು ಹೋಮ್‌ಸ್ಟೇಯಲ್ಲಿ ಕ್ಯಾಂಪ್ ಫೈರ್ ಹಾಕುವ ಹುಡುಗಿಯರು. ಆದರೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಗರದ ಹೆಂಗಸರದು ಶೇ. 0.6, ಹಳ್ಳಿಯವರದು ಶೇ. 1.6. ಹಳ್ಳಿಯದೇ ಎರಡೂವರೆ ಪಟ್ಟು ಜಾಸ್ತಿ. 'ಕಾಲ ಕೆಟ್ಟು ಹೋಯ್ತು' ಅನ್ನುವವರಿಗೆ ಇದು ಸ್ವಲ್ಪ ಕಷ್ಟದ ಅಂಕಿ.

ರಾಜ್ಯದಿಂದ ರಾಜ್ಯಕ್ಕೆ ಹೋದರೆ ಚಿತ್ರ ಇನ್ನೂ ಬದಲಾಗುತ್ತದೆ. ಅರುಣಾಚಲ ಪ್ರದೇಶದಲ್ಲಿ ಗಂಡಸರು ಶೇ. 53, ಹೆಂಗಸರು ಶೇ. 24. ಸಿಕ್ಕಿಂನಲ್ಲಿ ಹೆಂಗಸರು ಶೇ. 16. ತೆಲಂಗಾಣದಲ್ಲಿ ಸುಮಾರು 7. ಕುಡಿತಕ್ಕೆ ಹೆಸರಾದ ಕೇರಳದಲ್ಲಿ ಗಂಡಸರು ಶೇ. 20 ಇದ್ದರೂ ಹೆಂಗಸರು ಕೇವಲ 0.2. ಅಂದರೆ ಗಂಡಸರು ಜಾಸ್ತಿ ಕುಡಿಯುವ ಕಡೆ ಹೆಂಗಸರೂ ಜಾಸ್ತಿ ಕುಡಿಯುತ್ತಾರೆ ಅನ್ನುವ ನಿಯಮವೇನಿಲ್ಲ. ಎರಡಕ್ಕೂ ಬೇರೆ ಬೇರೆ ಕೀಲಿಕೈ.

ಆ ಕೀಲಿಕೈ ಎಲ್ಲಿದೆ ಅಂತ ತಿಳಿಯಲು ಅರುಣಾಚಲಕ್ಕೆ ಹೋಗಬೇಕಾಗಿಲ್ಲ. ಬಟವಾಡೆ ದಿನ ಸಂಜೆ ನಮ್ಮ ಕಡೆಯ ಯಾವುದಾದರೂ ಕಾಫಿ ತೋಟದ ದಾರಿಯಲ್ಲಿ ಒಂದು ಮೈಲಿ ನಡೆದರೆ ಸಾಕು. ಮೇಲೆ ಬಂಗಲೆ. ಅಲ್ಲಿ ಪ್ಲಾಂಟರ್ ದಂಪತಿ ನೆಂಟರ ಜೊತೆ ಕೂತಿರುತ್ತಾರೆ. ಹೆಂಗಸರ ಕೈಯಲ್ಲೂ ವೈನೋ ಜಿನ್ನೋ ಇರುತ್ತದೆ. ಕ್ಲಬ್ಬಿಗೆ ಹೋದರೂ ಅಷ್ಟೇ, ಯಾರೂ ಹುಬ್ಬೇರಿಸುವುದಿಲ್ಲ. ಕೆಳಗೆ ಲೈನ್ ಮನೆ. ಅಲ್ಲಿ ಇಡೀ ದಿನ ಬೆನ್ನು ಬಗ್ಗಿಸಿ ಹಣ್ಣು ಕೊಯ್ದ ಗಂಡ-ಹೆಂಡತಿ ಒಂದು ಟೆಟ್ರಾ ಪ್ಯಾಕನ್ನು ಎರಡು ಸ್ಟೀಲ್ ಲೋಟಕ್ಕೆ ಹಂಚಿಕೊಳ್ಳುವುದು ದೊಡ್ಡ ಸುದ್ದಿಯಲ್ಲ. ಎರಡರ ನಡುವೆ ನಮ್ಮಂಥವರ ಮನೆಗಳು. ಐದಾರು ಎಕರೆ, ಒಂದು ಸರ್ಕಾರಿ ನೌಕರಿ, ಮಕ್ಕಳ ಇಂಗ್ಲಿಷ್ ಸ್ಕೂಲು. ಇಲ್ಲಿ ಗಂಡಸರು ಕಾರಿನ ಡಿಕ್ಕಿ ತೆರೆದು ತೋಟದ ಗೇಟಿನ ಹತ್ತಿರ ನಿಂತು ಕುಡಿಯುತ್ತಾರೆ. ಹೆಂಗಸರು ಒಳಗಿಂದ ಉಪ್ಪಿನಕಾಯಿ, ಮೊಟ್ಟೆ ಕಳಿಸುತ್ತಾರೆ.

ಎರಡು ತುದಿಯಲ್ಲಿ ಇದ್ದದ್ದು ನಡುವೆ ಇಲ್ಲ. ಮೇಲಿನವರಿಗೆ ಮರ್ಯಾದೆ ಹೋಗುವ ಭಯವಿಲ್ಲ, ಕೆಳಗಿನವರಿಗೆ ಆ ಲೆಕ್ಕವನ್ನು ಯಾರೂ ಕೊಟ್ಟಿಲ್ಲ. ನಡುವೆ ಇರುವವರು ಏಣಿಯ ಮೇಲಿದ್ದಾರೆ. ಕೆಳ ಜಾತಿಗಳು ಮೇಲೇರಲು ಮಾಂಸ, ಮದ್ಯ ಬಿಟ್ಟು ಮೇಲಿನವರ ರೀತಿನೀತಿ ಹಿಡಿಯುವುದನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 'ಸಂಸ್ಕೃತೀಕರಣ' ಅಂದರು. ಅವರು ಆ ಮಾತನ್ನು ಕಟ್ಟಿದ್ದು ನಮ್ಮ ಪಕ್ಕದ ಕೊಡಗನ್ನು ಅಭ್ಯಾಸ ಮಾಡುವಾಗ. ನಾನು ಕಂಡದ್ದನ್ನು ಅದಕ್ಕೆ ಸೇರಿಸಿ ಹೇಳುವುದಾದರೆ, ಬಿಡುವ ಕೆಲಸವನ್ನು ಮನೆ ಮೊದಲು ಹೆಂಗಸರಿಂದ ಶುರು ಮಾಡಿಸುತ್ತದೆ. ಗಂಡಸರ ವ್ರತ 'ಶ್ರಾವಣದಲ್ಲಿ ಮಾತ್ರ' ಅನ್ನುವಲ್ಲಿಗೆ ನಿಲ್ಲುತ್ತದೆ. ನನ್ನ ಅಜ್ಜಿ ಕಳ್ಳು ಕುಡಿದಳು, ಅಮ್ಮ ಮೂಸಿಯೂ ನೋಡಲಿಲ್ಲ. ನಡುವೆ ನಮ್ಮ ಮನೆ ಹುಲ್ಲಿನಿಂದ ಹೆಂಚಿಗೆ, ಹೆಂಚಿನಿಂದ ಆರ್‌ಸಿಸಿಗೆ ಬಂತು.

ಎಲ್ಲ ಸಮುದಾಯದಲ್ಲೂ ಇದೇ ಗೆರೆ ಎಳೆದಿಲ್ಲ. ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಹತ್ತಿರ ಬಂದಂತೆ ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿ ಭರಣಿ ಕಟ್ಟಿಡುವುದು ಹೆಂಗಸರೇ. ಹಬ್ಬದ ದಿನ ಸಣ್ಣ ಗ್ಲಾಸಿನಲ್ಲಿ ಎಲ್ಲರಿಗೂ ಕೊಟ್ಟು ತಾವೂ ಕುಡಿಯುತ್ತಾರೆ. ಕೊಡವರ ಮದುವೆ ಮನೆಯಲ್ಲಿ ಹಿರಿಯ ಹೆಂಗಸು ಒಂದು ಪೆಗ್ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಬ್ರಾಹ್ಮಣ, ಲಿಂಗಾಯತ, ಜೈನ ಮನೆಗಳಲ್ಲಿ ಕಟ್ಟುಪಾಡಿನ ಪ್ರಕಾರ ಇಬ್ಬರಿಗೂ ಇಲ್ಲ. ಮುಸ್ಲಿಮರಲ್ಲಿ ಧರ್ಮವೇ ಇಬ್ಬರಿಗೂ ಬೇಡ ಅನ್ನುತ್ತದೆ. ಆದರೆ ಇಬ್ಬರಿಗೂ ಬೇಡ ಅನ್ನುವ ಕಟ್ಟಳೆ ಸಡಿಲ ಆಗುವಾಗ ಮೊದಲು ಸಡಿಲ ಆಗುವುದು ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಹದಿನೈದು ವರ್ಷಗಳಿಂದೀಚೆಗೆ ನಮ್ಮ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರು ಬರುತ್ತಿದ್ದಾರೆ. ಜಾರ್ಖಂಡಿನ ಸಂತಾಲ, ಮುಂಡಾ, ಒರಾಂವ್ ಜನರಲ್ಲಿ ಹಂಡಿಯಾ ಅಂತ ಅಕ್ಕಿ ಹೆಂಡ ಇದೆ. ಅನ್ನಕ್ಕೆ ರಾನು ಅನ್ನುವ ಬೇರಿನ ಗುಳಿಗೆ ಬೆರೆಸಿ ಹುಳಿ ಬರಿಸುತ್ತಾರೆ. ಮಾಡುವವರು ಹೆಂಗಸರು, ಸಂತೆಯಲ್ಲಿ ಮಾರುವವರು ಹೆಂಗಸರು, ಹಿರಿಯರಿಗೂ ದೇವರಿಗೂ ಒಪ್ಪಿಸಿದ ಮೇಲೆ ಮನೆಯವರೆಲ್ಲ ಕುಡಿಯುತ್ತಾರೆ. ನಮ್ಮೂರಲ್ಲಿ ಇದರ ಬಗ್ಗೆ ಮಾತು ಬಂದರೆ "ಅವರಲ್ಲಿ ಹೆಂಗಸ್ರೂ ಕುಡೀತಾರಂತೆ ಕಣೇ" ಅಂತ ಗಲ್ಲಕ್ಕೆ ಕೈ ಇಡುತ್ತಾರೆ. ಗಲ್ಲಕ್ಕೆ ಕೈ ಇಟ್ಟವರ ಅಜ್ಜಿಯೂ ನನ್ನ ಅಜ್ಜಿಯೂ ಒಂದೇ ಮರದ ಕಳ್ಳು ಕುಡಿದವರು.

ಮನೆಯಲ್ಲಿ ತಯಾರಾಗುವ ಹೆಂಡಕ್ಕೂ ಅಂಗಡಿಯ ಬಾಟ್ಲಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಹೆಂಡ ಅಡುಗೆಮನೆಯ ವಸ್ತು, ಅದರ ಮೇಲೆ ಹೆಂಗಸರ ಕೈ ಇರುತ್ತದೆ. ಬಾಟ್ಲಿ ಪೇಟೆಯ ವಸ್ತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿ ಹಳ್ಳಿ ಹಳ್ಳಿಯ ಗೂಡಂಗಡಿಯಲ್ಲಿ ಸಿಗುತ್ತಿದ್ದ ಕಾಲ ಅದು. ಎಷ್ಟೋ ಮನೆ ಹಾಳು ಮಾಡಿದ ವಸ್ತು, ನಿಲ್ಲಿಸಿ ಅಂತ ಬೀದಿಗಿಳಿದವರೂ ಹೆಂಗಸರೇ. ನಿಂತಿದ್ದು ಒಳ್ಳೆಯದೇ. ಆದರೆ ಗಂಡಸರು ಸಾರಾಯಿಯಿಂದ ಅಗ್ಗದ ವಿಸ್ಕಿ, ರಮ್ಮಿಗೆ ಹೋದರು. ಕಳ್ಳಿನಲ್ಲಿ ಮದ್ಯಸಾರ ಶೇ. 5ರ ಆಸುಪಾಸು, ಈ ಬಾಟ್ಲಿಯಲ್ಲಿ ಶೇ. 42.8. ನಮ್ಮೂರಿನ ಮುದುಕಿಯರಿಗೆ ಮಾತ್ರ ಕಥೆ ಅಲ್ಲಿಗೆ ಮುಗಿಯಿತು. ಅಥವಾ ಮೊಮ್ಮಗನ ಕೈಯಲ್ಲಿ ಗುಟ್ಟಾಗಿ ತರಿಸಬೇಕಾಯಿತು.

ಯಾಕೆ ಗುಟ್ಟು ಅಂದರೆ, ಒಂದು ಸಲ ವೈನ್ ಶಾಪಿನ ಮುಂದೆ ನಿಂತು ನೋಡಿ. ಎದೆ ಎತ್ತರಕ್ಕೆ ಕಬ್ಬಿಣದ ಜಾಲರಿ, ಅದರಲ್ಲಿ ಒಂದು ಕೈ ಹೋಗುವಷ್ಟು ತೂತು. ಆ ತೂತಿಗೆ ಐದಾರು ಕೈ ಒಟ್ಟಿಗೆ. ಪಕ್ಕದಲ್ಲಿ ಕಡ್ಲೆಬೀಜ, ನೀರಿನ ಪೊಟ್ಟಣ, ನಿಂತಲ್ಲೇ ನೈಂಟಿ ಮುಗಿಸುವವರು. ಇದನ್ನು ಕಟ್ಟಿದವರು ಹೆಂಗಸು ಗಿರಾಕಿ ಅಂತ ಕನಸಿನಲ್ಲೂ ಅಂದುಕೊಂಡಿಲ್ಲ. ಬಾರ್ ಅಂಡ್ ರೆಸ್ಟೋರೆಂಟಿಗೆ ಹೋದರೆ 'ಫ್ಯಾಮಿಲಿ ರೂಮ್' ಅಂತ ಪರದೆ ಬಿಟ್ಟಿರುತ್ತಾರೆ. ಅಲ್ಲಿ ಹೆಂಗಸರಿಗೆ ಗೋಬಿ ಮಂಚೂರಿ.

ಮಾತಿನಲ್ಲೂ ಇದೇ ಜಾಲರಿ ಇದೆ. ಗಂಡಸಿಗೆ ಎಣ್ಣೆ, ಗುಂಡು, ತೀರ್ಥ, ಕ್ವಾರ್ಟರ್, ಎಷ್ಟೊಂದು ಹೆಸರು, ಎಲ್ಲದರಲ್ಲೂ ನಗು. 'ಪಾಪ, ಕುಡೀತಾನೆ ಅನ್ನೋದು ಬಿಟ್ರೆ ಬಂಗಾರದಂಥ ಮನುಷ್ಯ' ಅನ್ನುವ ಮಾತನ್ನು ನೂರು ಸಲ ಕೇಳಿದ್ದೇನೆ. 'ಕುಡೀತಾಳೆ ಅನ್ನೋದು ಬಿಟ್ರೆ ಬಂಗಾರದಂಥ ಹೆಂಗಸು' ಅಂತ ಒಂದು ಸಲವೂ ಕೇಳಿಲ್ಲ. ಹಾಗಾಗಿ ಹೆಂಗಸಿಗೆ ಉಳಿದ ದಾರಿ ಔಷಧಿ. ಶೀತಕ್ಕೆ, ಸೊಂಟ ನೋವಿಗೆ, ನಿದ್ದೆ ಬರದಿದ್ದಕ್ಕೆ. ಬಾಣಂತಿಗೆ ಎರಡು ಚಮಚ ಬ್ರಾಂದಿ ಕೊಡುವುದು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದ್ದ ರೂಢಿ. ಅಂದಹಾಗೆ, ಆ ರೂಢಿ ಬೇಡ. ತಾಯಿಯ ರಕ್ತದಲ್ಲಿ ಎಷ್ಟು ಮದ್ಯಸಾರ ಇದೆಯೋ ಹೆಚ್ಚುಕಮ್ಮಿ ಅಷ್ಟೇ ಎದೆಹಾಲಿನಲ್ಲೂ ಇರುತ್ತದೆ.

ದೇಹದ ವಿಚಾರ ಬಂದೇ ಬಿಟ್ಟಿತು. 'ಹೆಂಗಸರ ಮೈಗೆ ಆಗಿಬರಲ್ಲ' ಅನ್ನುವ ಮಾತಿನಲ್ಲಿ ನಿಜ ಎಷ್ಟು? ಸ್ವಲ್ಪ ಲೆಕ್ಕ ಹಾಕೋಣ. 90 ಎಂಎಲ್ ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಮದ್ಯಸಾರ ಕೊಬ್ಬಿನಲ್ಲಿ ಕರಗುವುದು ಕಮ್ಮಿ, ಮೈಯ ನೀರಿನಲ್ಲಿ ಹರಡುತ್ತದೆ. ಗಂಡಸಿನ ತೂಕದಲ್ಲಿ ನೀರು ಸುಮಾರು ಶೇ. 60, ಹೆಂಗಸಿನದರಲ್ಲಿ ಶೇ. 50ರ ಹತ್ತಿರ. ಒಂದೇ ಚಮಚ ಡಿಕಾಕ್ಷನ್ನನ್ನು ದೊಡ್ಡ ಲೋಟದ ಹಾಲಿಗೂ ಚಿಕ್ಕ ಲೋಟದ ಹಾಲಿಗೂ ಹಾಕಿದ ಹಾಗೆ. ಚಿಕ್ಕದರಲ್ಲಿ ಕಾಫಿ ಸ್ಟ್ರಾಂಗ್. ಇಬ್ಬರೂ 60 ಕೆಜಿ ಇದ್ದರೆ ಗಂಡಸಿನ 100 ಎಂಎಲ್ ರಕ್ತದಲ್ಲಿ ಸುಮಾರು 73 ಮಿಲಿಗ್ರಾಂ, ಹೆಂಗಸಿನದರಲ್ಲಿ 90ರ ಹತ್ತಿರ ಬರುತ್ತದೆ. ಹೆಂಗಸು 50 ಕೆಜಿ ಇದ್ದರೆ ಸುಮಾರು 110. (ಗಾಡಿ ಓಡಿಸಲು ಕಾನೂನಿನ ಮಿತಿ 30. ಹಾಗಾಗಿ ಚಾರ್ಮಾಡಿ ಘಾಟಿನಲ್ಲಿ ಇಬ್ಬರೂ ಸ್ಟೇರಿಂಗ್ ಮುಟ್ಟಬಾರದು.) ಇದರ ಜೊತೆಗೆ, ಮದ್ಯಸಾರವನ್ನು ಒಡೆಯುವ ಕಿಣ್ವ ಹೆಂಗಸರ ಜಠರದಲ್ಲಿ ಸಾಮಾನ್ಯವಾಗಿ ಕಡಿಮೆ ಕೆಲಸ ಮಾಡುತ್ತದೆ. ರಕ್ತಕ್ಕೆ ಸೇರುವ ಮೊದಲೇ ಕರಗಿ ಹೋಗುವ ಪಾಲು ಅವರಲ್ಲಿ ಕಮ್ಮಿ.

ಹಾಗಾಗಿ ಕಡಿಮೆ ಕುಡಿದರೂ, ಕಡಿಮೆ ವರ್ಷ ಕುಡಿದರೂ ಹೆಂಗಸರ ಲಿವರ್ ಬೇಗ ಕೆಡಬಹುದು. ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಕುಡಿತದಲ್ಲೂ ಏರುತ್ತದೆ. 'ಇಷ್ಟರವರೆಗೆ ಪರವಾಗಿಲ್ಲ' ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅದು ಗಂಡಸರಿಗೂ ಸೇರಿಸಿ ಹೇಳಿದ ಮಾತು, ಕಾರಿನ ಡಿಕ್ಕಿಯವರ ಕಿವಿಗೆ ಬಿದ್ದಿಲ್ಲ.

ಆದರೆ ದೇಹದಿಂದ 17ಕ್ಕೆ ಒಂದು ಅನ್ನುವ ಲೆಕ್ಕ ಹುಟ್ಟುವುದಿಲ್ಲ. ಅರುಣಾಚಲದ ಹೆಂಗಸಿಗೂ ಕೇರಳದ ಹೆಂಗಸಿಗೂ ಇರುವುದು ಒಂದೇ ತರದ ದೇಹ. ಇದಕ್ಕೆ ಚೆನ್ನಾದ ಸಾಕ್ಷಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ. ಹಲವು ದೇಶಗಳ 68 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, 1900ರ ಆಸುಪಾಸು ಹುಟ್ಟಿದವರಲ್ಲಿ ಗಂಡಸರು ಕುಡಿಯುವ ಸಾಧ್ಯತೆ ಹೆಂಗಸರಿಗಿಂತ 2.2 ಪಟ್ಟು ಇತ್ತು. ಶತಮಾನದ ಕೊನೆಯಲ್ಲಿ ಹುಟ್ಟಿದವರಲ್ಲಿ ಅದು 1.1ಕ್ಕೆ ಇಳಿದಿತ್ತು, ಬಹುತೇಕ ಸಮ. ಆ ಅಧ್ಯಯನಗಳು ಹೆಚ್ಚಾಗಿ ಅಮೆರಿಕ, ಯುರೋಪಿನವು. ನೂರು ವರ್ಷದಲ್ಲಿ ಅಲ್ಲಿನ ಹೆಂಗಸರ ಲಿವರ್ ಬದಲಾಗಲಿಲ್ಲ. ಸಂಬಳ, ಓದು, ಒಬ್ಬರೇ ಹೊರಗೆ ಹೋಗುವ ಅವಕಾಶ, ಕೊನೆಗೆ ಮದ್ಯದ ಕಂಪನಿಗಳ ಜಾಹೀರಾತಿನ ಕಣ್ಣು ಬದಲಾದವು. ಸಮಾನತೆಯ ಜೊತೆ ಇದೂ ಬಂದಿದ್ದನ್ನು ಸಂಭ್ರಮಿಸಬೇಕಾ, ನನಗಂತೂ ಹಾಗೆ ಅನಿಸುವುದಿಲ್ಲ.

ಇನ್ನೊಂದು ವಿಷಯ. ಕರ್ನಾಟಕದಲ್ಲಿ ಕುಡಿಯುವ ಹೆಂಗಸರು ಕಡಿಮೆ ಇದ್ದರೂ, ಕುಡಿಯುವವರು ಕೂತಾಗ ಕುಡಿಯುವ ಪ್ರಮಾಣ ಗಂಡಸರಿಗಿಂತ ಅಷ್ಟೇನೂ ಕಮ್ಮಿ ಇಲ್ಲ ಅಂತ ನಿಮ್ಹಾನ್ಸ್‌ನ ಸಂಶೋಧಕರು 2000ದ ದಶಕದಲ್ಲೇ ಗುರುತಿಸಿದ್ದರು. ನನ್ನ ಊಹೆ ಹೀಗಿದೆ: ಗುಟ್ಟಾಗಿ ಕುಡಿಯುವವರು ಬೇಗ ಬೇಗ ಕುಡಿಯುತ್ತಾರೆ. ಹರಟೆಯಿಲ್ಲ, ನಂಚಿಕೊಳ್ಳಲು ಏನೂ ಇಲ್ಲ, 'ಸಾಕು ಬಿಡೋ' ಅನ್ನುವ ಗೆಳೆಯನೂ ಇಲ್ಲ. ಅಕ್ಕಿ ಡಬ್ಬದ ಹಿಂದೆ ಬಾಟ್ಲಿ, ಎರಡು ನಿಮಿಷ, ಬಾಯಿಗೆ ಏಲಕ್ಕಿ.

ಇಷ್ಟೆಲ್ಲ ಹೇಳಿದರೂ, ನಮ್ಮ ಜಿಲ್ಲೆಗಳಲ್ಲಿ ಹೆಂಗಸರಿಗೆ ಮದ್ಯದಿಂದ ಆಗುವ ದೊಡ್ಡ ತೊಂದರೆ ಅವರು ಕುಡಿದ ಮದ್ಯದಿಂದ ಬರುವುದಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡ ಪದೇ ಪದೇ ಕುಡಿದು ಬರುವ ಮನೆಗಳಲ್ಲಿ 100ಕ್ಕೆ 70 ಹೆಂಗಸರು ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ 23. ಈ 23 ಕೂಡ ಸಣ್ಣದಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. 2023ರಲ್ಲಿ ನಮ್ಮ ಕಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ತೆರೆದ ಬಾರಿಗೆ ಹೆಂಗಸರು ನುಗ್ಗಿ ಬಾಟ್ಲಿ ಒಡೆದರು. ಸರ್ಕಾರದ ಕಡೆ ನೋಡಿದರೆ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ.

ಬಿಡಿಸುವ ವ್ಯವಸ್ಥೆಯೂ ಗಂಡಸನ್ನೇ ಎದುರಿಗೆ ಇಟ್ಟುಕೊಂಡಿದೆ. ಊರೂರಲ್ಲಿ ಮದ್ಯವರ್ಜನ ಶಿಬಿರ ಆಗುತ್ತದೆ. ಸಂಘದ ಹೆಂಗಸರು ಗಂಡಂದಿರನ್ನು ಕರೆತಂದು ಕೂರಿಸುತ್ತಾರೆ. ಕೊನೆಯ ದಿನ ಹಾರ ಹಾಕಿ, ಫೋಟೋ ತೆಗೆದು, 'ನವಜೀವನ' ಅಂತ ಮನೆಗೆ ಕಳಿಸುತ್ತಾರೆ. ಇದರಿಂದ ಬಿಟ್ಟವರನ್ನು ನಾನೇ ನೋಡಿದ್ದೇನೆ. ಆದರೆ ಆ ಚಪ್ಪರದ ಕೆಳಗೆ ಒಬ್ಬ ಹೆಂಗಸು ಹೋಗಿ 'ನನಗೂ ಬಿಡಬೇಕು' ಅಂತ ಹೆಸರು ಬರೆಸುವುದನ್ನು ಊಹಿಸಿಕೊಳ್ಳಿ. ಗಂಡಸಿಗೆ ಹಾರ ಬೀಳುವ ಕಡೆ ಅವಳಿಗೆ ಏನು ಬೀಳಬಹುದು?

ಹಾಗಾಗಿ ಕೊನೆಗೆ ಒಂದೆರಡು ಉಪಯೋಗದ ಮಾತು. ದಿನಾ ಜಾಸ್ತಿ ಕುಡಿಯುವ ಅಭ್ಯಾಸ ಇದ್ದವರು, ಗಂಡಾಗಲಿ ಹೆಣ್ಣಾಗಲಿ, ಒಮ್ಮೆಲೇ ತಾವಾಗಿ ನಿಲ್ಲಿಸಬಾರದು. ಎರಡು-ಮೂರು ದಿನದೊಳಗೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಔಷಧಿಯ ಆಸರೆಯಲ್ಲಿ ನಿಲ್ಲಿಸಬೇಕು. ವ್ಯಸನದ ಬಗ್ಗೆ ಕೇಳಲು ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡಕ್ಕೂ ಕಾಸಿಲ್ಲ. ಶಿಬಿರದ ಚಪ್ಪರಕ್ಕಿಂತ ಫೋನು ಹೆಂಗಸರಿಗೆ ಸುಲಭ. ಹಿತ್ತಲಿಗೆ ಹೋಗಿ ಮಾತಾಡಬಹುದು. ಇನ್ನು ಆಸ್ಪತ್ರೆಗೆ ಹೋದರೆ, ಗ್ಯಾಸ್ಟ್ರಿಕ್ ಅಂತಲೋ ನಿದ್ದೆ ಬರಲ್ಲ ಅಂತಲೋ ಹೋಗಿದ್ದರೂ ಸರಿ, ಜೊತೆಗೆ ಬಂದವರನ್ನು ಒಂದು ನಿಮಿಷ ಹೊರಗೆ ಕೂರಿಸಿ ಡಾಕ್ಟರಿಗೆ ಲೆಕ್ಕ ಪೂರ್ತಿ ಹೇಳಿ. ಶೀತಕ್ಕೆ ತಗೊಂಡಿದ್ದನ್ನೂ ಸೇರಿಸಿ.